ಫಾಲ್ಸಿನಷ್ಟು ಎತ್ತರದ ಊರು ಕಟ್ಟಿದರೆ ನೀರು ಹೊರುವವರಾರು?

ಮೂಡಲಗಿಯಿಂದ ಗೋಕಾಕಕ್ಕೆ ಬರುವ ಮುಂಜಾನೆಯ ಬಸ್ಸಿನಲ್ಲಿ ಕೂಡ್ರಲು ಜಾಗ ಸಿಕ್ಕಿತೆಂದರೆ ಅವತ್ತು ಯಾರೋ ಒಳ್ಳೆಯವರ ಮುಖ ನೋಡಿ ಎದ್ದಿದ್ದೀರಿ ಎಂದೇ ಅರ್ಥ. ಮೊನ್ನೆ ನನಗೆ ಸಿಕ್ಕಿತು. ಎಡಕ್ಕೆ ಒಬ್ಬ ಕಾಲೇಜು ಹುಡುಗ. ಬಲಕ್ಕೆ ಕೈಚೀಲ ತೊಡೆಯ ಮೇಲಿಟ್ಟುಕೊಂಡ ಕಿರಾಣಿ ಅಂಗಡಿಯ ಹಿರಿಯರು. ಹುಡುಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸುತ್ತಿದ್ದ. ಮೋಡದೊಳಗೆ ತಲೆ ತೂರಿಸಿದ ಕಟ್ಟಡ. ಕೆಳಗೆ ಬಾಜಾರ, ನಡುವೆ ಆಫೀಸು, ಮೇಲೆ ಮನೆ, ಮನೆಗಳ ಅಂಚಿಗೆಲ್ಲ ಹಸಿರು ಗಿಡ. ಊರಿಗೆ ಊರೇ ಒಂದು ಕಟ್ಟಡದಲ್ಲಿ!

"ಕಾಕಾ, ಇನ್ನ ಮುಂದ ಊರು ಹಿಂಗ ಇರ್ತಾವ ನೋಡ್ರಿ. ಅಡ್ಡ ಬೆಳ್ಯಾಂಗಿಲ್ಲ, ಮ್ಯಾಲ ಬೆಳೀತಾವ" ಎಂದ ಹುಡುಗ.

ಹಿರಿಯರು ಕನ್ನಡಕ ಏರಿಸಿ ನೋಡಿದರು. "ಚಲೋ ಐತಿ ತಮ್ಮಾ. ನಮ್ಮ ಮನಿ ಮೂರನೇ ಅಂತಸ್ತಿಗೇ ನಳದ ನೀರು ಏರೂದಿಲ್ಲ. ಇದರ ತುದಿಗೆ ಯಾರ್ ಹೊತ್ಕೊಂಡ್ ಹೋಗ್ತಾರ?"

ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚಹಾ ಕುಡಿಯುವಾಗ ಆ ಮಾತು ಬೆನ್ನು ಹತ್ತಿತು. ಹೌದಲ್ಲ, ಯಾರು ಹೊರುತ್ತಾರೆ? ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವ. ಫಿಜಿಕ್ಸ್ ಪುಸ್ತಕ ಅಂದೇ ಮುಚ್ಚಿದ್ದೆ. ಆದರೂ ಹಾಳೆ-ಪೆನ್ನು ಹಿಡಿದು ಲೆಕ್ಕಕ್ಕೆ ಕುಳಿತೆ. ಆ ಲೆಕ್ಕವೇ ಈ ವರದಿ.

ಅಳತೆಗೋಲು ನಮ್ಮೂರಲ್ಲೇ ಇದೆ

ಗಗನಚುಂಬಿ ಎಂದರೆ ಎಷ್ಟು ಎತ್ತರ? ನಮಗೆ ಪರದೇಶದ ಅಳತೆ ಬೇಕಿಲ್ಲ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ಧುಮುಕುವುದು 171 ಅಡಿ, ಅಂದರೆ ಸುಮಾರು 52 ಮೀಟರು. ಒಂದು ಅಂತಸ್ತಿಗೆ ಹತ್ತಡಿ ಹಿಡಿದರೆ ಹದಿನೇಳು ಅಂತಸ್ತು. ವಿಜಯಪುರದ ಗೋಳಗುಮ್ಮಟವೂ ಹೆಚ್ಚುಕಡಿಮೆ ಇಷ್ಟೇ ಎತ್ತರ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ 1973ರಲ್ಲಿ ಎದ್ದು ನಿಂತ ಯುಟಿಲಿಟಿ ಬಿಲ್ಡಿಂಗು 25 ಅಂತಸ್ತು, 106 ಮೀಟರು. ಎರಡು ಫಾಲ್ಸು ಒಂದರ ಮೇಲೊಂದು ಇಟ್ಟಂತೆ. ಊರಿಂದ ಬೆಂಗಳೂರಿಗೆ ಹೋದವರು ಆ ಕಾಲಕ್ಕೆ ಅದನ್ನು ಕತ್ತು ನೋಯುವಂತೆ ನೋಡಿ ಬರುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಕಚೇರಿ. ದುಬೈಯ ಬುರ್ಜ್ ಖಲೀಫಾ 2010ರಲ್ಲಿ ತೆರೆಯಿತು, 828 ಮೀಟರು. ಅದು ಹದಿನಾರು ಫಾಲ್ಸು. ಅಷ್ಟಕ್ಕೆ ಬಿಡೋಣ, ನಮಗೆ ಒಂದೇ ಫಾಲ್ಸು ಸಾಕು.

ಹಾಗಾದರೆ ಕಾಗದದ ಮೇಲೆ ಒಂದು ಕಟ್ಟಡ ಕಟ್ಟೋಣ. ಹದಿನೇಳು ಅಂತಸ್ತು. ಕೆಳಗಿನ ಎರಡರಲ್ಲಿ ಅಂಗಡಿ, ದವಾಖಾನೆ, ಬ್ಯಾಂಕು, ಬಾಲವಾಡಿ. ಮೇಲಿನ ಹದಿನೈದರಲ್ಲಿ 250 ಮನೆ. ಮನೆಗೆ ನಾಲ್ವರಂತೆ ಸಾವಿರ ಜನ. ಒಂದು ಸಣ್ಣ ಹಳ್ಳಿಯನ್ನು ಎಬ್ಬಿಸಿ ನೆಟ್ಟಗೆ ನಿಲ್ಲಿಸಿದಂತೆ.

ಲಾಭ ಇಲ್ಲವೇ? ಇದೆ. ಇದನ್ನು ಮುಚ್ಚಿಡಬಾರದು. ಇದೇ 250 ಕುಟುಂಬಗಳಿಗೆ ಮೂವತ್ತು-ನಲವತ್ತರ ಪ್ಲಾಟು ಹಾಕಿಕೊಟ್ಟರೆ, ರಸ್ತೆ-ಗಟಾರ-ಉದ್ಯಾನ ಎಲ್ಲ ಸೇರಿ ಸುಮಾರು ಹನ್ನೆರಡು ಎಕರೆ ನೆಲ ಬೇಕು. ಕಟ್ಟಡಕ್ಕೆ ಸುತ್ತಲ ಬಯಲು ಸೇರಿ ಎರಡು ಎಕರೆ ಸಾಕು. ಉಳಿದ ಹತ್ತು ಎಕರೆ ಕಬ್ಬಿನ ಗದ್ದೆಯಾಗಿಯೇ ಉಳಿಯುತ್ತದೆ. ಕಾಲುವೆಯ ನೀರು ಹಾಯುವ ಕಪ್ಪು ನೆಲವನ್ನು ಎನ್.ಎ. ಮಾಡಿಸಿ ಕಲ್ಲು ನೆಡುವ ದೃಶ್ಯ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಬಸ್ಸಿನ ಕಿಟಕಿಯಿಂದ ಕಾಣುತ್ತದೆ. ಹಂಗಾಗಿ ಬಸ್ಸಿನ ಹುಡುಗನ ಮಾತು ತೀರ ಹುಚ್ಚುಮಾತಲ್ಲ.

ನೀರಿನ ಲೆಕ್ಕ

ಈಗ ಹಿರಿಯರ ಪ್ರಶ್ನೆಗೆ ಬರುವಾ. ಮನುಷ್ಯನಿಗೆ ದಿನಕ್ಕೆ 135 ಲೀಟರು ಎಂಬುದು ನಮ್ಮ ದೇಶದ ಕಟ್ಟಡ ಸಂಹಿತೆಯ ಲೆಕ್ಕ. ಸಾವಿರ ಜನಕ್ಕೆ 1 ಲಕ್ಷ 35 ಸಾವಿರ ಲೀಟರು. ಹೆಗಲ ಮೇಲೆ ಹೊತ್ತರೆ ಸುಮಾರು ಹತ್ತು ಸಾವಿರ ಕೊಡ! ಪಂಪಿನಿಂದ ಏರಿಸಿದರೆ? ಇಲ್ಲೇ ನನಗೆ ಆಶ್ಚರ್ಯವಾದದ್ದು. ಸಾವಿರ ಲೀಟರು ನೀರನ್ನು ಫಾಲ್ಸಿನಷ್ಟು ಎತ್ತರಕ್ಕೆ ಏರಿಸಲು, ಪಂಪಿನಲ್ಲಿ ಸೋರಿಹೋಗುವ ಬಲವನ್ನೂ ಸೇರಿಸಿ, ಬೇಕಾಗುವುದು ಹೆಚ್ಚುಕಡಿಮೆ ಕಾಲು ಯೂನಿಟ್ಟು ಕರೆಂಟು. ದಿನದ ಅಷ್ಟೂ ನೀರನ್ನು ತುದಿಯ ಟಾಕಿಗೆ ಏರಿಸಿದರೂ 35 ಯೂನಿಟ್ಟಿನ ಆಸುಪಾಸು. ಮನೆಗೆ ಹಂಚಿದರೆ ತಿಂಗಳಿಗೆ ನಾಲ್ಕೈದು ಯೂನಿಟ್ಟು. ಒಂದು ಫ್ಯಾನಿನ ಖರ್ಚೂ ಅಲ್ಲ.

ಅಂದರೆ ನೀರು ಹೊರುವುದು ಕಷ್ಟವಲ್ಲ. ಹಾಗಾದರೆ ಮೂರನೇ ಅಂತಸ್ತಿಗೆ ಯಾಕೆ ಏರುವುದಿಲ್ಲ? ನಳದಲ್ಲಿ ನೀರು ಬಂದರಲ್ಲವೇ ಏರುವ ಮಾತು! ಬಂದಾಗ ಕರೆಂಟು ಇರಬೇಕು. ಕರೆಂಟು ಇದ್ದಾಗ ಪಂಪು ಸುಟ್ಟಿರಬಾರದು. ಸುಟ್ಟರೆ ಕಟ್ಟಿಸಲು ಎಲ್ಲರೂ ರೊಕ್ಕ ಕೊಡಬೇಕು. ನೆಲದ ಮನೆಯಾದರೆ ಪಕ್ಕದ ಬಾವಿಗೋ ಬೋರಿಗೋ ಕೊಡ ಹಿಡಿದು ಹೋಗಬಹುದು. ಹದಿನೇಳನೇ ಅಂತಸ್ತಿನ ಮುದುಕಿ ಎಲ್ಲಿಗೆ ಹೋಗಬೇಕು?

ಎತ್ತರದ ನೀರಿಗೆ ಇನ್ನೊಂದು ಚೇಷ್ಟೆ ಉಂಟು. ಪ್ರತಿ ಹತ್ತು ಮೀಟರಿಗೆ ಒಂದು ಕಿಲೋ ಒತ್ತಡ ಏರುತ್ತದೆ. ತುದಿಯ ಟಾಕಿಯಿಂದ ನೇರ ಕೊಳವೆ ಬಿಟ್ಟರೆ ಕೆಳಗಿನ ಮನೆಯ ನಳ ತಿರುವಿದವನ ಕೈಗೇ ಹೊಡೆಯುತ್ತದೆ, ಜೋಡಣೆಗಳು ಬಿರಿಯುತ್ತವೆ. ಅದಕ್ಕೇ ಬಲ್ಲವರು ನಡುನಡುವೆ ಒಂದೊಂದು ಟಾಕಿಯನ್ನೋ ಒತ್ತಡ ಇಳಿಸುವ ಕವಾಟವನ್ನೋ ಇಡುತ್ತಾರೆ. ಉಳಿತಾಯಕ್ಕೂ ದಾರಿ ಇದೆ. ಆ 135 ಲೀಟರಿನಲ್ಲಿ 45 ಲೀಟರು ಸಂಡಾಸಿಗೇ ಹೋಗುತ್ತದೆ. ಬಚ್ಚಲ ನೀರನ್ನು ಸೋಸಿ ಅದಕ್ಕೆ ಬಿಟ್ಟರೆ ಮೂರರಲ್ಲಿ ಒಂದು ಪಾಲು ಉಳಿಯಿತು. ಆದರೆ ಕೊಳವೆ ಎರಡು ಸಾಲು ಬೇಕು, ಕಟ್ಟುವಾಗಲೇ ಹಾಕಬೇಕು. ಆಮೇಲೆ ಗೋಡೆ ಒಡೆದು ಹಾಕುವವರನ್ನು ನಾನಂತೂ ಕಂಡಿಲ್ಲ.

ಮಳೆ ನೀರು ಹಿಡಿದರಾಯಿತಲ್ಲ ಎನ್ನುವವರು ಇದನ್ನು ಕೇಳಬೇಕು. ಸಾವಿರ ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರು ಮಳೆ ಬಿತ್ತೆಂದು ಹಿಡಿಯಿರಿ. ಒಂದು ಹನಿ ಬಿಡದೆ ಹಿಡಿದರೂ 6 ಲಕ್ಷ ಲೀಟರು. ಸಾವಿರ ಜನಕ್ಕೆ ಅದು ನಾಲ್ಕೂವರೆ ದಿನದ ನೀರು! ಹಳ್ಳಿಯಲ್ಲಿ ಮನೆಗೊಂದು ಮಾಳಿಗೆ. ಇಲ್ಲಿ ಮಾಳಿಗೆ ಒಂದೇ, ಅದರ ಕೆಳಗೆ ಬಾಯಿ ಸಾವಿರ. ಸೂರ್ಯನ ಕರೆಂಟಿನದೂ ಇದೇ ಕಥೆ. ಟಾಕಿ, ಲಿಫ್ಟಿನ ಕೋಣೆ ಬಿಟ್ಟು ಉಳಿದ ಜಾಗಕ್ಕೆಲ್ಲ ಸೋಲಾರ ಹಾಸಿದರೆ ಮನೆಗಳ ಖರ್ಚಿನ ಕಾಲು ಭಾಗ ಹುಟ್ಟಿದರೆ ಹೆಚ್ಚು. ಚಿತ್ರದಲ್ಲಿ ಹಸಿರು ಬಣ್ಣ ಬಳಿದು "ಈ ಕಟ್ಟಡ ತನ್ನ ಅನ್ನ ತಾನೇ ದುಡಿಯುತ್ತದೆ" ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ.

ಢಾಕಾದ ಎಂಜಿನಿಯರ, ಶಿಕಾಗೋದ ಕಟ್ಟಡ

ಇಷ್ಟೆಲ್ಲ ತಾಪತ್ರಯದ ಊರನ್ನು ಯಾರಾದರೂ ಕಟ್ಟಿದ್ದಾರೆಯೇ? ಕಟ್ಟಿದ್ದಾರೆ. ಢಾಕಾದಲ್ಲಿ 1929ರಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್ ಎಂಬ ಎಂಜಿನಿಯರ ಅಮೆರಿಕಾಕ್ಕೆ ಹೋಗಿ ಎತ್ತರದ ಕಟ್ಟಡದ ಗುಟ್ಟನ್ನೇ ಬದಲಿಸಿದರು. ಕಂಬಗಳನ್ನು ಒಳಗೆಲ್ಲ ಹರಡುವ ಬದಲು ಬಲವನ್ನೆಲ್ಲ ಹೊರಗಿನ ಕವಚಕ್ಕೆ ಕೊಟ್ಟರು. ಬಿದಿರಿನ ಹಾಗೆ. ಒಳಗೆ ಪೊಳ್ಳು, ಹೊರಗೆ ಗಟ್ಟಿ. ಗಾಳಿ ತಳ್ಳಿದರೆ ಇಡೀ ಬೊಂಬು ಒಂದಾಗಿ ತಡೆಯುತ್ತದೆ. ಹೀಗೆ ಕಟ್ಟಿದ ಶಿಕಾಗೋದ ಜಾನ್ ಹ್ಯಾನ್‌ಕಾಕ್ ಸೆಂಟರು 1969ರಲ್ಲಿ ಮುಗಿಯಿತು. ನೂರು ಅಂತಸ್ತು. ಕೆಳಗೆ ಅಂಗಡಿ, ಅದರ ಮೇಲೆ ಕಾರು ನಿಲ್ಲಿಸುವ ಜಾಗ, ಆಮೇಲೆ ಕಚೇರಿ, 44ನೇ ಅಂತಸ್ತಿನಿಂದ ಮೇಲೆ ಮನೆಗಳು. ಆ 44ನೇ ಅಂತಸ್ತಿನಲ್ಲಿ ಒಂದು ಕಿರಾಣಿ ಅಂಗಡಿಯನ್ನೂ ಇಟ್ಟರು. ನಮ್ಮ ಹಿರಿಯರಿಗೆ ಇದನ್ನು ಹೇಳಬೇಕೆಂದು ಗುರುತು ಹಾಕಿಕೊಂಡೆ.

ಅದಕ್ಕೂ ಮೊದಲು, 1952ರಲ್ಲಿ, ಫ್ರಾನ್ಸಿನ ಮಾರ್ಸೇ ಪಟ್ಟಣದಲ್ಲಿ ಲ ಕಾರ್ಬೂಸಿಯೇ ಎಂಬಾತ ಹದಿನೆಂಟು ಅಂತಸ್ತಿನ ಕಟ್ಟಡವೊಂದನ್ನು ನಿಲ್ಲಿಸಿದ್ದ. ಚಂಡೀಗಡದ ನಕಾಶೆ ಬರೆದವನೂ ಇವನೇ. 337 ಮನೆ. ಮಾಳಿಗೆಯ ಮೇಲೆ ಬಾಲವಾಡಿ. ಕಟ್ಟಡದ ನಟ್ಟನಡುವೆ ಒಂದು ಬಾಜಾರ ಬೀದಿ! ಮನೆಗಳು ಗೆದ್ದವು, ಒಳಗಿನ ಆ ಬೀದಿಯಲ್ಲಿ ಮಾತ್ರ ವ್ಯಾಪಾರ ಏಳಲಿಲ್ಲ. ಯಾಕೆಂದು ನಮ್ಮ ಪ್ಯಾಟಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಜಾರ ಬದುಕುವುದು ದಾರಿಹೋಕರಿಂದ. ಗೋಕಾಕದಲ್ಲಿ ಕರದಂಟು ಮಾರುವವನ ಗಿರಾಕಿ ಗೋಕಾಕದವನಷ್ಟೇ ಅಲ್ಲ. ಬಸ್ ಬದಲಿಸಲು ಇಳಿದವ, ಫಾಲ್ಸ್ ನೋಡಲು ಬಂದವ, ಬೀಗರ ಮನೆಗೆ ಹೊರಟವ. ಅಂಗಡಿಯನ್ನು ಎಂಟನೇ ಅಂತಸ್ತಿಗೆ ಏರಿಸಿದರೆ ಇವರಲ್ಲಿ ಯಾರು ಲಿಫ್ಟು ಹತ್ತಿ ಬರುತ್ತಾರೆ? ಹಂಗಾಗಿ ನನ್ನ ಕಾಗದದ ಕಟ್ಟಡದಲ್ಲಿ ಅಂಗಡಿಗಳೆಲ್ಲ ಕೆಳಗೆ, ಬೀದಿಗೆ ಮುಖ ಮಾಡಿ. ಕಂಪೌಂಡು ಗೋಡೆ ಹಾಕಿ ಗೇಟಿನ ಒಳಗೆ ಬಾಜಾರ ಇಡುವವರಿಗೆ ನನ್ನ ಅನುಮತಿ ಇಲ್ಲ!

ಗಾಜಿನ ಬಗ್ಗೆಯೂ ಎರಡು ಮಾತು. ಈಚೆಗೆ ಬ್ಯಾಂಕಿನಿಂದ ಬಟ್ಟೆ ಅಂಗಡಿಯವರೆಗೆ ಎಲ್ಲರಿಗೂ ಗಾಜಿನ ಗೋಡೆ ಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಗಾಜು ಹಚ್ಚಿ, ಒಳಗೆ ಎ.ಸಿ. ಹಾಕುವುದೆಂದರೆ ಒಲೆ ಹೊತ್ತಿಸಿ ಪಕ್ಕದಲ್ಲಿ ಬೀಸಣಿಕೆ ಹಿಡಿದು ಕೂತಂತೆ. ಮುಂಬಯಿಯಲ್ಲಿ ಚಾರ್ಲ್ಸ್ ಕೊರಿಯಾ ಅವರು 1983ರಲ್ಲಿ ಮುಗಿಸಿದ ಕಾಂಚನಜುಂಗಾ ಎಂಬ 28 ಅಂತಸ್ತಿನ ಕಟ್ಟಡದಲ್ಲಿ ಮನೆಮನೆಗೂ ಮೂಲೆಯಲ್ಲಿ ಎರಡಾಳೆತ್ತರದ ಪಡಸಾಲೆ ಬಿಟ್ಟಿದ್ದಾರೆ. ಬಿಸಿಲು-ಮಳೆ ಆ ಪಡಸಾಲೆಯಲ್ಲೇ ನಿಲ್ಲುತ್ತದೆ, ಗಾಳಿ ಒಳಗೆ ಬರುತ್ತದೆ. ಅದು ಸಿರಿವಂತರ ಕಟ್ಟಡ ಖರೆ. ಆದರೆ ಪಡಸಾಲೆ ಎಂಬುದು ಬಡವರ ಮನೆಯದೇ ಯುಕ್ತಿ.

ಗಿರಣಿಯ ಭೋಂಗಾ

ಮನೆ, ಕೆಲಸ, ಸಾಲಿ, ದವಾಖಾನೆ ಎಲ್ಲ ಒಂದೇ ಕಡೆ ಎಂಬ ಊರು ನಮಗೆ ಹೊಸದೇನಲ್ಲ. ಫಾಲ್ಸಿನ ದಂಡೆಯ ಮೇಲೆಯೇ ಇದೆ. ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಎಂಬ ಕಂಪನಿ ಹುಟ್ಟಿದ್ದು 1885ರಲ್ಲಿ. ಎರಡು ವರ್ಷದಲ್ಲಿ, 1887ಕ್ಕೆ, ಬೀಳುವ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿತು. ಬೆಟ್ಟದ ಬಂಡೆಯ ನಡುವೆ, ಹತ್ತಿರ ದೊಡ್ಡ ಊರಿಲ್ಲದ ಕಡೆ, ಗಿರಣಿಯವರು ಕೆಲಸಗಾರರಿಗೆ ಚಾಳ ಕಟ್ಟಿದರು. ಸಾಲಿ ಬಂತು, ದವಾಖಾನೆ ಬಂತು, ಅಂಗಡಿ ಬಂತು. ನದಿಯ ಮೇಲೆ ಸುಮಾರು 200 ಮೀಟರು ಉದ್ದದ ತೂಗುಸೇತುವೆ ಬಂತು. ಭೋಂಗಾ ಕೂಗಿದರೆ ಊರು ಏಳುತ್ತಿತ್ತು, ಕೂಗಿದರೆ ಊರು ಉಣ್ಣುತ್ತಿತ್ತು. ಬಸ್ಸಿನ ಹುಡುಗನ ಚಿತ್ರದಲ್ಲಿ ಇದ್ದುದೆಲ್ಲ ಇಲ್ಲಿತ್ತು, ಮಲಗಿಸಿಟ್ಟ ರೂಪದಲ್ಲಿ. ಕಾರಖಾನೆ ಓಡಲು ನೀರಿನ ಬಲ ಸಾಕಾಗಿತ್ತು. ಈ ಕಾಲದ ಪರಿಸರದ ಮಂದಿ ಕೇಳಿದರೆ ಮೆಚ್ಚಬೇಕು.

ಆದರೆ ಅಂಥ ಊರಿಗೆ ಒಂದೇ ಎದೆ. ಒಡೆಯ ಒಬ್ಬನೇ. ಸಂಬಳ, ಮನೆ, ದೀಪ, ದವಾಖಾನೆ ಎಲ್ಲದರ ಬೀಗದ ಕೈ ಒಂದೇ ಗೊಂಚಲಿನಲ್ಲಿ. ಗಿರಣಿಗೆ ನೆಗಡಿಯಾದರೆ ಊರಿಗೆಲ್ಲ ಸೀನು. ಪಕ್ಕದ ಗೋಕಾಕದ ಪ್ಯಾಟಿ ಹಾಗಲ್ಲ. ಸಾವಿರ ಅಂಗಡಿ, ಸಾವಿರ ಒಡೆಯರು. ಒಂದು ಮುಚ್ಚಿದರೆ ಪಕ್ಕದ್ದು ತೆರೆದಿರುತ್ತದೆ. ನಿಲ್ಲಿಸಿದ ಊರು ಕಟ್ಟುವವರು ಯಾವ ನಕಾಶೆ ಹಿಡಿಯುತ್ತಾರೆ, ಗಿರಣಿಯದೋ ಪ್ಯಾಟಿಯದೋ? ಒಬ್ಬನೇ ಬಿಲ್ಡರ ಅಂಗಡಿಯ ಬಾಡಿಗೆಯನ್ನೂ ನೀರಿನ ದರವನ್ನೂ ಲಿಫ್ಟಿನ ಫೀಯನ್ನೂ ತಾನೇ ನಿಗದಿ ಮಾಡಿದರೆ ಅದು ಊರಾಗುವುದಿಲ್ಲ, ಎತ್ತರದ ಚಾಳ ಆಗುತ್ತದೆ.

ಹುಕ್ಕೇರಿಯವರನ್ನು ಕೇಳಿ

ಇನ್ನೊಂದು ದಾರಿ ಉಂಟು, ಅದೂ ನಮ್ಮ ಪಕ್ಕದಲ್ಲೇ. ಹುಕ್ಕೇರಿ ಎಂದರೆ ಹೊರಗಿನವರಿಗೆ ಬಿಜಾಪುರ ಬಾದಶಾಹರ ಕಾಲದ ಗುಮ್ಮಟಗಳ ನೆನಪು. ನಮಗೆ ಕರೆಂಟಿನ ಬಿಲ್ಲಿನ ನೆನಪು. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಂಭಿಸಿದ ಐದು ಸಂಘಗಳಲ್ಲಿ ಅದು ಒಂದು. ಕರೆಂಟು ಬಳಸುವವನೇ ಸದಸ್ಯ. ತಂತಿ, ಕಂಬ, ಮೀಟರು ಎಲ್ಲ ಸಂಘದ್ದು. ತಪ್ಪಿದ್ದರೆ ಬಯ್ಯಲು ಬೆಂಗಳೂರಿಗೆ ಹೋಗಬೇಕಿಲ್ಲ, ಸಂಘದ ಬಾಗಿಲಿಗೆ ಹೋದರೆ ಸಾಕು. ಚುನಾವಣೆ, ಗುಂಪು, ಜಗಳ ಅಲ್ಲೂ ಉಂಟು. ಸಹಕಾರಿ ಸಂಘವೆಂದ ಮೇಲೆ ಜಗಳ ಇಲ್ಲದಿದ್ದರೆ ಹೇಗೆ? ಆದರೂ ಐವತ್ತು ವರ್ಷ ದಾಟಿ ನಿಂತಿದೆ. ಅದರ ಜೊತೆಗಾರ, ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ, ಬಾಕಿಯ ಹೊರೆ ಏರಿ 2011ರಲ್ಲಿ ಕರೆಂಟು ಹಂಚುವ ಹಕ್ಕನ್ನೇ ಕಳೆದುಕೊಂಡಿತು.

ನಿಲ್ಲಿಸಿದ ಊರಿನ ಹಣೆಬರಹವೂ ಇಲ್ಲೇ ಬರೆದಿದೆ ಎಂಬುದು ನನ್ನ ಎಣಿಕೆ. ಸಿಮೆಂಟು, ಸಳಿ, ಕಾಂಕ್ರೀಟು ಎಂಜಿನಿಯರನ ಕೆಲಸ, ಅದನ್ನವರು ಮಾಡಬಲ್ಲರು. ತಿಂಗಳ ಪಟ್ಟಿ ಕೊಡಿಸುವುದು ಯಾರ ಕೆಲಸ? ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯಿದೆ 1972ರಷ್ಟು ಹಿಂದೆಯೇ ಬಂದಿದೆ. ಕಾಯಿದೆ ಸಂಘ ಕಟ್ಟಿ ಎನ್ನುತ್ತದೆ, ಕೂಡಿ ನಡೆಸಿ ಎನ್ನುತ್ತದೆ. ಎರಡನೇ ಅಂತಸ್ತಿನವ "ನಾನು ಲಿಫ್ಟು ಹತ್ತಾಂಗಿಲ್ಲ, ಯಾಕ ಕೊಡಲಿ?" ಎಂದರೆ ಏನು ಮಾಡಬೇಕೆಂದು ಅವನನ್ನು ಒಪ್ಪಿಸುವುದು ಮಾತ್ರ ನೆರೆಯವರಿಗೇ ಬಿಟ್ಟದ್ದು.

ಇದು ಊಹೆಯ ಮಾತಲ್ಲ. ಎರಡು ವರ್ಷದ ಹಿಂದೆ ಬೆಳಗಾವಿಯ ಒಂದು ಕಟ್ಟಡದಲ್ಲಿ ನಾನೇ ಮೂರನೇ ಮತ್ತು ನಾಲ್ಕನೇ ಅಂತಸ್ತಿನ ನಡುವೆ ಸಿಕ್ಕಿಬಿದ್ದೆ. ನನ್ನ ಜೊತೆ ಹಾಲಿನ ಕ್ಯಾನು ಹಿಡಿದ ಹುಡುಗ. ಇಪ್ಪತ್ತು ನಿಮಿಷ. ಬಾಗಿಲು ತೆರೆಯುವ ಕೈ ವಾಚಮನ್ ಹತ್ತಿರ, ವಾಚಮನ್ ಚಹಾದಂಗಡಿಯ ಹತ್ತಿರ! ಹೊರಬಂದ ಮೇಲೆ ತಿಳಿದದ್ದು: ಲಿಫ್ಟು ನೋಡಿಕೊಳ್ಳುವ ಕಂಪನಿಗೆ ಆ ವರ್ಷದ ಹಣ ಕಟ್ಟಿರಲಿಲ್ಲ. ಸದಸ್ಯರಲ್ಲಿ ಅರ್ಧಕ್ಕರ್ಧ ಬಾಕಿ. ಆ ಹಾಲಿನ ಹುಡುಗ ಮಾತ್ರ ಎಲ್ಲ ಮನೆಗೂ ಪಾವಟಿಗೆ ಹತ್ತಿಯೇ ಹಾಲು ಮುಟ್ಟಿಸಿದ. ಐದು ಅಂತಸ್ತಿತ್ತು, ಹತ್ತಿದ. ಹದಿನೇಳಾಗಿದ್ದರೆ?

ಮುಂಬಯಿಯಲ್ಲಿ ಈಗ ನಡೆಯುತ್ತಿರುವುದನ್ನೂ ನೋಡಬೇಕು. ನಮ್ಮ ಕಡೆಯಿಂದ ಗಿರಣಿ ಕೆಲಸಕ್ಕೆ ಹೋದವರ ಮನೆಗಳಲ್ಲಿ ಚಾಳ ಎಂಬ ಶಬ್ದ ಗೊತ್ತಿಲ್ಲದವರಿಲ್ಲ. ವರಳಿ, ನಾಯಗಾಂವ ಕಡೆಯ ಬಿ.ಡಿ.ಡಿ. ಚಾಳಗಳು 1920ರ ದಶಕದವು. ನೆಲ ಸೇರಿ ನಾಲ್ಕು ಅಂತಸ್ತು, 160 ಚದರಡಿಯ ಖೋಲಿ, ಸಂಡಾಸು ಎಲ್ಲರಿಗೂ ಕೂಡಿ. ಅವನ್ನು ಕೆಡವಿ ನಲವತ್ತು ಅಂತಸ್ತಿನ ಕಟ್ಟಡ ಎಬ್ಬಿಸುತ್ತಿದ್ದಾರೆ. 2025ರ ಆಗಸ್ಟಿನಲ್ಲಿ ವರಳಿಯ ಮೊದಲ ಕಂತಿನ ಕುಟುಂಬಗಳಿಗೆ 500 ಚದರಡಿಯ ಮನೆಯ ಬೀಗದ ಕೈ ಕೊಟ್ಟರು. ಮೂರು ಪಟ್ಟು ಮನೆ, ಮನೆಯೊಳಗೇ ಸಂಡಾಸು. ಇದಕ್ಕಿಂತ ಹೆಚ್ಚು ಏನು ಬೇಕು ಎಂದು ಯಾರಾದರೂ ಹೇಳಬಹುದು, ಹೇಳುವುದು ಸರಿ ಕೂಡ. ಖೋಲಿಗೆ ಬಾಡಿಗೆ ಪುಡಿಗಾಸು ಇತ್ತು. ನಲವತ್ತು ಅಂತಸ್ತಿನ ಲಿಫ್ಟು-ಪಂಪಿನ ಖರ್ಚು ಪುಡಿಗಾಸಲ್ಲ. ಮೊದಲ ಹತ್ತು ವರ್ಷ ಯಾರದೋ ಠೇವಣಿಯ ಬಡ್ಡಿಯಲ್ಲಿ ನಡೆದೀತು. ಆಮೇಲೆ?

ಆಮೇಲಿನದು ತಿಳಿಯಬೇಕಾದರೆ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನ ಪಾಂಟೆ ಕಟ್ಟಡವಿದೆ. 1975ರದು, 54 ಅಂತಸ್ತು, ನಡುವೆ ಬಾವಿಯಂತೆ ಪೊಳ್ಳು. ಒಂದು ಕಾಲಕ್ಕೆ ದೊಡ್ಡ ಮಂದಿ ಇದ್ದ ಮನೆಗಳು. ನೋಡಿಕೊಳ್ಳುವವರು ಕೈಬಿಟ್ಟ ಮೇಲೆ ಮೇಲಿನವರು ಕಸವನ್ನು ಆ ಬಾವಿಗೇ ಎಸೆಯತೊಡಗಿದರು. ಅಂತಸ್ತುಗಟ್ಟಲೆ ಕಸ ಏರಿತು. ಮುಂದೆ ಅದನ್ನು ಬಳಿದು ಕಟ್ಟಡವನ್ನು ಮತ್ತೆ ನೆಟ್ಟಗೆ ಮಾಡಿದರು, ಅದು ಬೇರೆ ಮಾತು.

ನೀರು ಮೇಲಿಂದಲೂ ಬರುತ್ತದೆ, ಕೆಳಗಿಂದಲೂ

ಗೋಕಾಕದಲ್ಲಿ ಕಟ್ಟಡದ ಮಾತಾಡುವವರು 2019ರ ಆಗಸ್ಟನ್ನು ಮರೆತು ಮಾತಾಡಬಾರದು. ಘಟಪ್ರಭೆ, ಮಾರ್ಕಂಡೇಯ ಎರಡೂ ಒಟ್ಟಿಗೆ ಉಕ್ಕಿ ಪ್ಯಾಟಿಯೊಳಗೆ ಬಂದದ್ದನ್ನು ನೋಡಿದವರು ಇನ್ನೂ ಕೈಯಲ್ಲಿ ಅಳತೆ ಮಾಡಿ ತೋರಿಸುತ್ತಾರೆ, "ಇಲ್ಲೀತನಾ ಇತ್ರಿ" ಎಂದು. ಅದೇ ವರ್ಷ ಗುಡ್ಡದ ಮೇಲಿನ ಹೆಬ್ಬಂಡೆ ಉರುಳೀತೆಂಬ ಭಯವೂ ಊರನ್ನು ಕಾಡಿತ್ತು. ನೀರು ನುಗ್ಗಿದಾಗ ಮೊದಲು ಮುಳುಗುವುದು ಕೆಳಗಿನ ಅಂತಸ್ತು, ಅಂದರೆ ಅಂಗಡಿ. ಸಕ್ಕರೆ ಚೀಲ, ಬಟ್ಟೆಯ ತಾನು, ಔಷಧದ ಪೆಟ್ಟಿಗೆ, ಉದ್ರಿ ಬರೆದಿಟ್ಟ ವಹಿ. ಮೇಲೆ ಮನೆ ಇದ್ದವರು ಜೀವ ಹಿಡಿದುಕೊಂಡು ಮೇಲೆ ಹೋಗಿ ಕುಳಿತರು, ಸರಕು ಕಣ್ಣೆದುರು ತೇಲಿತು.

ಎತ್ತರದ ಕಟ್ಟಡದಲ್ಲಿ ಇದಕ್ಕಿಂತ ದೊಡ್ಡ ಮೋಸ ಅಡಗಿದೆ. ಪಂಪು, ಜನರೇಟರು, ಕರೆಂಟಿನ ದೊಡ್ಡ ಬೋರ್ಡು ಎಲ್ಲವನ್ನೂ ನೆಲಮಾಳಿಗೆಯಲ್ಲಿ ಕೂಡ್ರಿಸುವುದು ರೂಢಿ, ಬಾಡಿಗೆಗೆ ಹೋಗದ ಜಾಗವೆಂದು. ನೆಲಮಾಳಿಗೆಗೆ ನೀರು ನುಗ್ಗಿದರೆ ಹದಿನೇಳು ಅಂತಸ್ತೂ ಒಟ್ಟಿಗೆ ಸತ್ತಂತೆ. ದೀಪ ಇಲ್ಲ, ನೀರಿಲ್ಲ, ಲಿಫ್ಟಿಲ್ಲ. 2012ರ ಅಕ್ಟೋಬರಿನ ಚಂಡಮಾರುತದಲ್ಲಿ ನ್ಯೂಯಾರ್ಕಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೀಗೇ ಆಗಿ, ರೋಗಿಗಳನ್ನು ಕತ್ತಲೆಯಲ್ಲಿ ಮೆಟ್ಟಿಲ ಮೇಲೆ ಹೊತ್ತು ಇಳಿಸಿದರು. ಅಷ್ಟು ರೊಕ್ಕದ ಊರಿಗೇ ಹಾಗಾಯಿತು. ನಮ್ಮ ಕಾಗದದ ಕಟ್ಟಡದಲ್ಲಿ ನೆಲಮಾಳಿಗೆ ಬೇಡವೇ ಬೇಡ. ಬೋರ್ಡು, ಜನರೇಟರು ಎರಡನೇ ಅಂತಸ್ತಿಗೆ. ಅಂಗಡಿಗಳ ಕಟ್ಟೆ 2019ರ ಗುರುತಿಗಿಂತ ಮೇಲೆ. ಅಂಗಡಿಯೊಳಗೇ ಒಂದು ಗಟ್ಟಿ ಅಟ್ಟ, ಸರಕು ಏರಿಸಲು. ಇದಕ್ಕೆ ಪರದೇಶದ ಬುದ್ಧಿ ಬೇಕಿಲ್ಲ, ಹಳೆಯ ಗೌಂಡಿಗಳನ್ನು ಕೇಳಿದರೆ ಸಾಕು. ಇನ್ನೂ ಒಳ್ಳೆಯದೆಂದರೆ ನದಿ ತನ್ನದೆಂದು ಹೇಳಿಹೋದ ಜಾಗದಲ್ಲಿ ಕಟ್ಟದೇ ಇರುವುದು.

ಬೆಂಕಿಯದು ನೀರಿಗಿಂತ ಹೆಚ್ಚು ಭಯ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ 2010ರ ಫೆಬ್ರುವರಿ 23ರಂದು ಒಂಬತ್ತು ಜನ ಸತ್ತರು. ಹೊಗೆ ತುಂಬಿ ದಾರಿ ಕಾಣದೆ ಕೆಲವರು ಕಿಟಕಿಯಿಂದ ಜಿಗಿದರು. ಅದು ಏಳು ಅಂತಸ್ತಿನ ಕಟ್ಟಡ, ಗಗನಚುಂಬಿಯೇನಲ್ಲ. 15 ಮೀಟರು ದಾಟಿದ ಕಟ್ಟಡವನ್ನು ಎತ್ತರದ್ದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಲೆಕ್ಕ ಹಾಕಿ ಬೆಂಕಿಯ ನಿಯಮ ಬಿಗಿ ಮಾಡುತ್ತದೆ. ಹೊಗೆ ಹೋಗದ ಎರಡನೇ ಮೆಟ್ಟಿಲ ಸಾಲು, ಸದಾ ತುಂಬಿದ ಬೇರೆ ಟಾಕಿ, ನೀರು ಚಿಮ್ಮುವ ಕೊಳವೆ. ಮೆಟ್ಟಿಲಿದ್ದರೆ ಸಾಲದು, ಅದರ ಮೇಲೆ ಹಳೆಯ ಮಂಚ, ಸೈಕಲ್ಲು, ಖಾಲಿ ಪೆಟ್ಟಿಗೆ ಇರಬಾರದು. ನಮ್ಮ ಪ್ಯಾಟಿಯ ಮಾಳಿಗೆಗಳ ಮೆಟ್ಟಿಲನ್ನು ಒಮ್ಮೆ ಇಣುಕಿ ನೋಡಿ, ಆಮೇಲೆ ಹದಿನೇಳರ ಮಾತಾಡುವಾ.

ಹಾಗಾದರೆ ಎಷ್ಟು?

ಲೆಕ್ಕ ಮಾಡುತ್ತ ಹೋದಾಗ ಒಂದು ತಮಾಷೆ ಕಂಡಿತು. ಒಂದು ಅಂತಸ್ತಿನಿಂದ ನಾಲ್ಕಕ್ಕೆ ಏರಿದರೆ ಮನೆ ನಿಂತ ನೆಲದಲ್ಲಿ ಮುಕ್ಕಾಲು ಪಾಲು ಉಳಿಯುತ್ತದೆ. ನಾಲ್ಕರಿಂದ ಹದಿನೇಳಕ್ಕೆ ಏರಿದರೆ ಉಳಿಯುವುದು ಉಳಿದ ಆ ಕಾಲು ಪಾಲಿನೊಳಗಿನದಷ್ಟೇ. ಎತ್ತರದ ಕಟ್ಟಡದ ಸುತ್ತ ಬಿಡಬೇಕಾದ ಬಯಲು ಅದರಲ್ಲೂ ಸ್ವಲ್ಪ ತಿನ್ನುತ್ತದೆ. ಖರ್ಚು, ಭಯ, ಬಾಕಿ ಇವು ಮಾತ್ರ ನಾಲ್ಕರ ಆಚೆಗೇ ಜಿಗಿಯುತ್ತವೆ. ಮುಂಬಯಿಗೆ ನೆಲವಿಲ್ಲ, ಅವರಿಗೆ ಬೇರೆ ದಾರಿಯಿಲ್ಲ. ಮೂಡಲಗಿಯಲ್ಲಿ, ಹುಕ್ಕೇರಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮೂರು ಅಂತಸ್ತು ಮನೆ, ಹಿರಿಯರಿಗೊಂದು ಲಿಫ್ಟು, ನೀರಿಗೆ ಎರಡು ಸಾಲು ಕೊಳವೆ, ಮಾಳಿಗೆ ತುಂಬ ಸೋಲಾರ. ಈ ಎತ್ತರಕ್ಕೆ ಮಾಳಿಗೆಯ ಸೋಲಾರ ಮನೆಗಳಿಗೆಲ್ಲ ಸಾಲುತ್ತದೆ, ಮಳೆ ನೀರೂ ಮೂರು ವಾರಕ್ಕೆ ಹತ್ತಿರ ಬರುತ್ತದೆ. ಚಿತ್ರದಲ್ಲಿ ಚೆಂದ ಕಾಣದು, ಖರೆ. ಮೋಡ ಮುಟ್ಟುವುದಿಲ್ಲ.

ನೆಟ್ಟಗಿನ ಊರಿನ ಆಸೆಯ ಹಿಂದೆ ಇನ್ನೊಂದಿದೆ: ಓಡಾಟ ತಪ್ಪಬೇಕು ಎಂಬುದು. ಬಸ್ಸಿನಲ್ಲಿ ದಿನಾ ಎರಡು ತಾಸು ಕಳೆಯುವವರಿಗೆ ಅದರ ಬೆಲೆ ಗೊತ್ತು. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕು ಆದದ್ದೂ ಇದೇ ಆಸೆಯಿಂದ. ಒಂದು ಉತಾರಕ್ಕೆ, ಒಂದು ಸಹಿಗೆ ಗೋಕಾಕದ ಬಸ್ಸು ಹತ್ತಬಾರದು ಎಂದು. ಕಚೇರಿ ಜನರ ಹತ್ತಿರ ಬಂದರೆ ಕಟ್ಟಡ ಎತ್ತರವಾಗದೆಯೂ ಓಡಾಟ ತಗ್ಗುತ್ತದೆ.

ಮರುವಾರ ಅದೇ ಬಸ್ಸು. ಹುಡುಗ ಇರಲಿಲ್ಲ, ಹಿರಿಯರಿದ್ದರು. ಹಾಳೆ ಬಿಚ್ಚಿ ಎಲ್ಲ ಹೇಳಿದೆ. ಸಾವಿರ ಲೀಟರಿಗೆ ಕಾಲು ಯೂನಿಟ್ಟು ಎಂದಾಗ ಹುಬ್ಬೇರಿಸಿದರು. 44ನೇ ಅಂತಸ್ತಿನ ಕಿರಾಣಿ ಅಂಗಡಿಯ ಸುದ್ದಿಗೆ ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕರು. ಆಮೇಲೆ ಸುಮ್ಮನಾದರು. ಲೋಳಸೂರ ಸೇತುವೆ ಬಂತು. ಕೆಳಗೆ ಘಟಪ್ರಭೆ ಸಾಧುವಾಗಿ ಹರಿಯುತ್ತಿದ್ದಳು.

"ಲೆಕ್ಕ ಬರೋಬ್ಬರಿ ಐತ್ರಿ ಪೇಪರಿನವರ" ಎಂದರು. "ನಂದೊಂದು ಹಳೇ ಅಂಗಡಿ ಐತಿ. ಹತ್ತಡಿ ಅಗಲ. ಅದನ್ನ ಕೆಡವಿ ನಿಮ್ಮ ಕಟ್ಟಡ ಎಬ್ಬಿಸಿದ್ರ, ಕೆಳಗಿನ ಅಂಗಡಿ ತಿರುಗಿ ನನ್ನ ಹೆಸರಿಗೇ ಬರ್ತೈತೇನು? ಇಲ್ಲಾ ನಾ ಬಾಡಿಗಿ ಕೊಟ್ಟು ಕೂಡ್ರೂದೋ?"

ಬಸ್ಸು ಗೋಕಾಕದೊಳಗೆ ಬಂತು. ಅವರು ಕೈಚೀಲ ಹಿಡಿದು ಎದ್ದರು. ನನ್ನ ಹಾಳೆಯಲ್ಲಿ ಆ ಲೆಕ್ಕ ಇರಲಿಲ್ಲ.